ಕಾಫಿ ಗಾಡಿಯ ಮುಂದೆ ಒಂದು ಫೋಟೊ

ಔಷಧಿ ಅಂಗಡಿಯ ಮಾಲೀಕನೊಬ್ಬ ಎರಡು ವರ್ಷ ಸೋರಾ ಎಂಬ ನಟಿಯ ಬೆನ್ನು ಬಿದ್ದಿದ್ದ. ಅವಳು ದೂರು ಕೊಟ್ಟಳು. ಅವನು ಶೂಟಿಂಗಿಗೆ ಕಳಿಸಿದ್ದ ಕಾಫಿ ಗಾಡಿಯ ಮುಂದೆ ಅವಳು ಲೋಟ ಹಿಡಿದು ನಗುತ್ತಿದ್ದ ಫೋಟೊವನ್ನು ಠಾಣೆಯವರು ಮೇಜಿನ ಮೇಲಿಟ್ಟು, ಇಷ್ಟವಿಲ್ಲದವರು ಹೀಗೆ ನಗುತ್ತಾರೆಯೇ ಎಂದು ಕೇಳಿ, ದೂರನ್ನು ಅಲ್ಲಿಗೇ ಮುಗಿಸಿದರು. ಸೋರಾ ಮನೆ ಬದಲಿಸಿದಳು.

ಆ ಫೋಟೊ ತೆಗೆಸಿಕೊಂಡ ದಿನ ಗಾಡಿ ಯಾರು ಕಳಿಸಿದ್ದೆಂದು ಅವಳು ಕೇಳಿರಲಿಲ್ಲ. ಸಿಯೋಲ್‌ನ ಟೀವಿ ಮಂದಿಯಲ್ಲಿ ಹಾಗೆ ಕೇಳುವ ರೂಢಿಯೇ ಇಲ್ಲ. ನಟರ ಮೇಲೆ ಅಭಿಮಾನವಿದ್ದವರು ಗಾಡಿ ಕಳಿಸುತ್ತಾರೆ. ಅದರ ನೆತ್ತಿಯ ಮೇಲೆ ನಟರ ಮುಖವಿರುವ ಬ್ಯಾನರ್ ಇರುತ್ತದೆ, ತಂಡದವರೆಲ್ಲ ಪುಕ್ಕಟೆ ಕುಡಿಯುತ್ತಾರೆ, ಯಾರ ಹೆಸರಿನಲ್ಲಿ ಗಾಡಿ ಬಂತೋ ಅವರು ಅದರ ಮುಂದೆ ಲೋಟ ಹಿಡಿದು ನಿಂತು ನಗುತ್ತಾರೆ. ಆ ಫೋಟೊ ಕಾಫಿಗೆ ಕೊಡುವ ರಸೀದಿ. ರಸೀದಿ ಕೊಡದ ನಟಿಗೆ ಸೊಕ್ಕು ಎನ್ನುತ್ತಾರೆ. ಕೊಟ್ಟವಳಿಗೆ ಏನೆನ್ನುತ್ತಾರೆ ಎಂಬುದನ್ನು ಸೋರಾ ಠಾಣೆಯಲ್ಲಿ ಕಲಿತಿದ್ದಳು.

ಮರುವರ್ಷ ಅವಳಿಗೆ ‘ಮೂರನೇ ಪಾಳಿ’ ಎಂಬ ಪೊಲೀಸ್ ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿತು. ಒಂಬತ್ತನೇ ಕಂತು ಹೆಣ್ಣಿನ ಬೆನ್ನು ಬಿಡದ ಗಂಡಿನ ಕುರಿತಾದದ್ದು. ಅದರಲ್ಲಿ ಸೋರಾ ಹೆದರಿದ ಹೆಣ್ಣು. ಕಂತಿನ ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ನಿಮ್ಮ ಮೌನ ಮುರಿಯಿರಿ, ನಾವು ಕೇಳುತ್ತೇವೆ’ ಎಂದು ಬರುವುದಿತ್ತು. ಅವಳು ತನ್ನ ಮೌನವನ್ನು ಈ ತಂಡದಲ್ಲಿ ಯಾರ ಮುಂದೆಯೂ ಮುರಿದಿರಲಿಲ್ಲ. ಠಾಣೆ ಮೆಟ್ಟಿಲು ಹತ್ತಿಬಂದ ನಟಿಯೆಂದರೆ ತಾಪತ್ರಯದ ನಟಿ. ತಾಪತ್ರಯವನ್ನು ಅಭಿನಯಿಸುವವರು ಬೇಕು, ತಾಪತ್ರಯ ಇರುವವರು ಬೇಡ. ಆಯ್ಕೆಯ ದಿನ ನಿರ್ದೇಶಕ ಪ್ಯೋ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಲ್ಲಂಗಡಿ ತಟ್ಟಿ ನೋಡುವವನಂತೆ ನೋಡಿ ಹೇಳಿದ್ದ:

“ಮುಖ ಚೆನ್ನಾಗಿದೆ. ಆದ್ರೆ ಭಯ ಕಮ್ಮಿ ಕಣಮ್ಮ. ಇಂಥದ್ದೆಲ್ಲ ಅನುಭವಿಸಿದವರು ಯಾರಾದ್ರೂ ಗೊತ್ತಿದ್ರೆ ಒಂದ್ಸಲ ಮಾತಾಡ್ಸಿ ನೋಡು.”

“ನೋಡ್ತೀನಿ ಡೈರೆಕ್ಟ್ರೇ,” ಎಂದಿದ್ದಳು ಸೋರಾ.

ಶೂಟಿಂಗ್ ಶುರುವಾದ ದಿನ ಎಲ್ಲರೂ ಪದ್ಧತಿಯಂತೆ ಬೇಯಿಸಿದ ಹಂದಿಯ ತಲೆಯ ಮುಂದೆ ಮಂಡಿಯೂರಿ ನಮಸ್ಕರಿಸಿದ್ದರು. ಅಪಘಾತವಾಗದಿರಲಿ, ವೀಕ್ಷಕರು ಹೆಚ್ಚಲಿ ಎಂಬ ಎರಡು ಬೇಡಿಕೆ. ಹಂದಿಯ ತಲೆ ನಗುತ್ತಿತ್ತು. ನಗುವ ತಲೆಯನ್ನೇ ಆರಿಸಿ ತರುವುದು ವಾಡಿಕೆ, ನಗದ ಹಂದಿಯನ್ನು ಯಾರೂ ಕೊಳ್ಳುವುದಿಲ್ಲ.

ಇಂದಿನ ಕೆಲಸ ಹಳೆಯ ಕೋಟೆಗೋಡೆಯ ಕೆಳಗಿನ ಏರು ಓಣಿಯಲ್ಲಿ. ಓಣಿಯ ತಿರುವಿನಲ್ಲಿ ಒಂದು ದೀಪದ ಕಂಬ. ಆ ಕಂಬ ಸೋರಾಳಿಗಿಂತ ಹೆಸರುವಾಸಿ. ಪ್ಯೋನ ಹಿಂದಿನ ಪ್ರೇಮದ ಧಾರಾವಾಹಿಯಲ್ಲಿ ನಾಯಕ ಇದರ ಕೆಳಗೇ, ಹಿಮ ಬೀಳುವ ರಾತ್ರಿ, ನಾಯಕಿಯ ಕಿಟಕಿ ನೋಡುತ್ತ ಬೆಳಗಿನ ತನಕ ನಿಂತಿದ್ದ. ಬಾಗಿಲು ತೆರೆಯಲ್ಲ ಎಂದು ಅವಳು ಕೂಗಿ ಹೇಳಿದ್ದಳು, ಅವನು ನಿಂತೇ ಇದ್ದ. ದೇಶ ಕಣ್ಣೀರಿಟ್ಟಿತು. ಜೋಡಿಗಳು ಈಗಲೂ ಬಂದು ಕಂಬ ತಬ್ಬಿ ಫೋಟೊ ತೆಗೆಸಿಕೊಳ್ಳುತ್ತಾರೆ, ವಾರ್ಡಿನ ಕಚೇರಿಯವರು ‘ಕಾದ ಪ್ರೀತಿಯ ದೀಪ’ ಎಂದು ಫಲಕವನ್ನೂ ನೆಟ್ಟಿದ್ದಾರೆ. ಇಂದು ಆ ಫಲಕಕ್ಕೆ ಕಪ್ಪು ಬಟ್ಟೆ ಸುತ್ತಿ, ಅದೇ ಕಂಬದ ಕೆಳಗೆ ಯುನ್‌ಜೆ ಎಂಬ ಚೆಲುವ ನಟನನ್ನು ನಿಲ್ಲಿಸಿ, ಅದೇ ಕಿಟಕಿಯನ್ನು ನೋಡಲು ಹೇಳಿದ್ದರು. ಈ ಸಲ ಅವನು ಖಳ.

“ಡೈರೆಕ್ಟ್ರೇ, ಆ ಸೀರಿಯಲ್‌ನಲ್ಲೂ ಹುಡುಗ ಇಲ್ಲೇ ನಿಂತಿದ್ನಲ್ವಾ?” ಸೋರಾ ಕೇಳಿದಳು.

“ನಿಂತಿದ್ದ. ಅದು ಪ್ರೀತಿ.”

“ಇದು?”

“ಇದು ಅಪರಾಧ.”

“ನೋಡೋರಿಗೆ ಹೆಂಗೆ ಗೊತ್ತಾಗುತ್ತೆ?”

ಪ್ಯೋ ಬಿಸಿಗೆಂದು ಕೈ ಉಜ್ಜಿಕೊಳ್ಳುತ್ತ ತಾಳ್ಮೆಯಿಂದಲೇ ಹೇಳಿದ: “ಆಗ ಹಿನ್ನೆಲೆಗೆ ಪಿಯಾನೊ ಹಾಕಿದ್ವಿ. ಈಗ ಬೇರೆ ಹಾಕ್ತೀವಿ. ನೀನು ನಡೆಯೋದು ನೋಡ್ಕೊ.”

ಅವಳು ನಡೆದಳು. ಹಿಂದೆ ತಿರುಗದೆ, ಬ್ಯಾಗನ್ನು ಎದೆಗೊತ್ತಿಕೊಂಡು, ದಿನಸಿ ಅಂಗಡಿಯ ಗಾಜಿನಲ್ಲಿ ಹಿಂದಿನವನ ನೆರಳನ್ನಷ್ಟೇ ನೋಡಿಕೊಂಡು, ಬೀಗದ ಕೈಯನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ನಡೆದಳು. ಎರಡು ವರ್ಷ ನಡೆದದ್ದೂ ಹೀಗೆಯೇ.

“ಕಟ್. ಏನಮ್ಮ ಇದು, ಬಸ್ಸಿಗೆ ಹೋಗೋಳ ಥರ ಇದೀಯ. ತಿರುಗಿ ನೋಡು. ಕಣ್ಣು ಅಗಲ ಮಾಡು. ಬ್ಯಾಗ್ ಬೀಳಿಸು.”

“ಹೆದರಿದವ್ರು ಬ್ಯಾಗ್ ಬಿಗಿಯಾಗಿ ಹಿಡ್ಕೋತಾರೆ ಡೈರೆಕ್ಟ್ರೇ.”

“ಅದು ರಸ್ತೇಲಿ. ಟೀವಿಲಿ ಬೀಳಿಸ್ತಾರೆ.”

ಅವಳು ಬೀಳಿಸಿದಳು. ಬ್ಯಾಗಿನಿಂದ ತುಟಿಬಣ್ಣವೊಂದು ಚೆನ್ನಾಗಿ ಉರುಳಿತೆಂದು ಕ್ಯಾಮೆರಾದವನು ಹೆಬ್ಬೆರಳೆತ್ತಿದ. ಆ ತುಟಿಬಣ್ಣ ಪ್ರಾಯೋಜಕರದು.

ಆ ಬೆಳಿಗ್ಗೆ ನಿಜಕ್ಕೂ ಒಳ್ಳೆಯ ದೃಶ್ಯವೊಂದು ಆಗಿತ್ತು. ಹಿರಿಯ ಪತ್ತೇದಾರನ ಪಾತ್ರ ಮಾಡುವ ಬೊಂಗ್, ನರೆತ ಹುಬ್ಬಿನ ಹಳೆಯ ನಟ, ಅವಳ ಎದುರು ಕುಳಿತು, ‘ನೀವು ಒಬ್ಬರೇ ಅಲ್ಲ. ಇವತ್ತಿಂದ ನಿಮ್ಮ ಬೆನ್ನ ಹಿಂದೆ ನಾವಿರ್ತೀವಿ’ ಎಂದಿದ್ದ. ತಂಡದವರು ಚಪ್ಪಾಳೆ ತಟ್ಟಿದರು. ಸೋರಾಳಿಗೆ ಅಳು ಬಂದಿತ್ತು. ಅದನ್ನೂ ಕ್ಯಾಮೆರಾ ಹಿಡಿಯಿತು, ಅಷ್ಟರ ಮಟ್ಟಿಗೆ ಲಾಭ.

ಕಂತು ಮರುದಿನವೇ ಪ್ರಸಾರ. ಕೊನೆಯ ದೃಶ್ಯಗಳನ್ನು ಬರಹಗಾರ್ತಿ ತನ್ನ ಮನೆಯಲ್ಲಿ ಕುಳಿತು ಇನ್ನೂ ಬರೆಯುತ್ತಿದ್ದಳು. ಒಂದೊಂದೇ ಹಾಳೆ ಬರುವುದು, ಬಂದದ್ದನ್ನು ಅಲ್ಲೇ ಬಾಯಿಪಾಠ ಮಾಡಿ ಅಲ್ಲೇ ಅಭಿನಯಿಸುವುದು. ಇದು ಅಲ್ಲಿನ ಕ್ರಮ, ಯಾರಿಗೂ ಇದರಲ್ಲಿ ಬೆರಗಿಲ್ಲ. ಹಾಗಾಗಿ ತನ್ನ ಪಾತ್ರ ಕಂತಿನ ಕೊನೆಗೆ ಬದುಕುತ್ತದೆಯೋ ಸಾಯುತ್ತದೆಯೋ ಸೋರಾಳಿಗೆ ಗೊತ್ತಿರಲಿಲ್ಲ. ಬದುಕಿದರೆ ಮುಂದಿನ ಕಂತುಗಳಲ್ಲೂ ಅವಳು ಇರುತ್ತಾಳೆಂದು ನಿರ್ಮಾಪಕಿ ನಾಮ್‌ಗುಂಗ್ ಆಸೆ ತೋರಿಸಿದ್ದಳು. ರಂಗದ ಮೇಲೆ ವರ್ಷಗಟ್ಟಲೆ ಮೂಲೆಯ ಪಾತ್ರ ಮಾಡಿದವಳಿಗೆ ಅದೇನು ಸಣ್ಣ ಆಸೆಯಲ್ಲ.

ಮಧ್ಯಾಹ್ನ ಹಸಿವಿಗೆ ಎಲ್ಲರ ಮುಖ ಬಾಡಿರುವ ಹೊತ್ತಿಗೆ ಗಾಡಿ ಬಂತು.

ಹಳದಿ ಬಣ್ಣದ್ದು. ಕಾಫಿಯ ಜೊತೆ ಸಿಹಿ ಹೂರಣ ತುಂಬಿದ, ಮೀನಿನ ಆಕಾರದ ಬಿಸಿ ರೊಟ್ಟಿಯೂ ಇತ್ತು. ಮೊಣಕಾಲ ತನಕ ಬರುವ ದಪ್ಪ ಕೋಟುಗಳಲ್ಲಿ ನಡುಗುತ್ತಿದ್ದವರೆಲ್ಲ ಸಕ್ಕರೆ ಕಂಡ ಇರುವೆಗಳಂತೆ ಹೋಗಿ ಮುತ್ತಿದರು. “ಸೋರಾ ಅಕ್ಕಾ, ನಿಮ್ದೇ ಗಾಡಿ,” ಎಂದು ಮೇಕಪ್ಪಿನ ಹುಡುಗಿ ಕೂಗಿದಳು. “ಇಷ್ಟು ದಿನ ಯುನ್‌ಜೆ ಅಣ್ಣನ ಗಾಡಿ ಕುಡಿದೂ ಕುಡಿದೂ ಸಾಕಾಗಿತ್ತು. ನಿಮಗೂ ಅಭಿಮಾನಿಗಳಿದ್ದಾರೆ ನೋಡಿ.”

ಸೋರಾ ತಲೆಯೆತ್ತಿ ಬ್ಯಾನರ್ ನೋಡಿದಳು.

‘ನಮ್ಮ ಸೋರಾಳನ್ನು ಚೆನ್ನಾಗಿ ನೋಡಿಕೊಳ್ಳಿ’ ಎಂದು ದೊಡ್ಡ ಅಕ್ಷರದಲ್ಲಿತ್ತು. ಇದು ಎಲ್ಲ ಗಾಡಿಗಳ ಮೇಲೂ ಇರುವ ಮಾತು. ಕೆಳಗೆ ಸಣ್ಣದಾಗಿ ‘ಸದಾ ನೋಡುತ್ತಿರುವ ಅಭಿಮಾನಿ.’ ಪಕ್ಕದಲ್ಲಿ ಅವಳ ಫೋಟೊ. ಕೂದಲು ಕಟ್ಟಿದ್ದಾಳೆ, ಬಣ್ಣವಿಲ್ಲದ ಮುಖ, ಯಾವುದನ್ನೋ ನೋಡಿ ಅರ್ಧ ನಕ್ಕಿದ್ದಾಳೆ. ಫೋಟೊದ ಅಂಚನ್ನು ನೀಟಾಗಿ ಕತ್ತರಿಸಿದ್ದರು. ಆದರೂ ಅವಳ ಭುಜದ ಬಳಿ ಒಂದು ಕೆಂಪು ಬಟ್ಟೆಕ್ಲಿಪ್ಪು ಉಳಿದುಬಿಟ್ಟಿತ್ತು.

ಹೊಸ ಮನೆಯದು ಅದು. ತಾರಸಿಯ ಮೇಲಿನ ಒಂದೇ ಕೋಣೆ. ಬಟ್ಟೆ ಒಣಗಿಸುವ ತಂತಿಯಲ್ಲಿ ಎಲ್ಲ ಕ್ಲಿಪ್ಪುಗಳೂ ಹಸಿರು, ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಒಂದು ಮಾತ್ರ ಕೆಂಪು. ಪಕ್ಕದ ಮನೆಯ ಬೆಕ್ಕು ಅವಳ ಕಾಲುಚೀಲ ಕದ್ದೊಯ್ದ ದಿನ ಅವಳು ಹಾಗೆ ನಕ್ಕಿದ್ದಳು. ಆ ತಾರಸಿ ಕಾಣುವುದು ಎದುರು ಕಟ್ಟಡದ ಹೊರಮೆಟ್ಟಿಲಿನಿಂದ ಮಾತ್ರ. ಅಂದರೆ ಅಂದು ಆ ಮೆಟ್ಟಿಲ ಮೇಲೆ ಅವನಿದ್ದ.

“ಎಷ್ಟು ಸಹಜವಾಗಿದೆ ಈ ಫೋಟೊ,” ಪ್ಯೋ ರೊಟ್ಟಿ ಕಚ್ಚುತ್ತ ಹೇಳಿದ, “ನಮ್ಮ ಕ್ಯಾಮೆರಾದವನಿಗೆ ಕಲಿಸ್ಬೇಕು. ಅಭಿಮಾನ ಇರೋ ಕಣ್ಣೇ ಬೇರೆ.”

ಸೋರಾ ಗಾಡಿಯ ಕಿಟಕಿಗೆ ಹೋದಳು. ಒಳಗೆ ದುಂಡುಮುಖದ ಹೆಂಗಸು ಹಾಲು ಕಾಯಿಸುತ್ತಿದ್ದಳು.

“ಅಮ್ಮಾ, ಈ ಗಾಡಿ ಯಾರು ಹೇಳಿದ್ದು?”

“ಅಯ್ಯೋ, ನೀವೇನಾ. ಫೋಟೊಗಿಂತ ತೆಳ್ಳಗಿದೀರಲ್ಲ. ಹೆಸರು ಹೇಳಬೇಡಿ ಅಂದಿದ್ದಾರಮ್ಮ. ತುಂಬ ಮರ್ಯಾದಸ್ಥರು. ನಿಮಗೆ ಹಾಲು ಆಗಲ್ಲ, ಓಟ್ಸ್ ಹಾಲೇ ಹಾಕಿ ಅಂತ ಎರಡು ಸಲ ಫೋನ್ ಮಾಡಿ ಹೇಳಿದ್ರು.” ಹೆಂಗಸು ಬಗ್ಗಿ ದನಿ ತಗ್ಗಿಸಿದಳು. “ನೀವು ಲೋಟ ಹಿಡಿದಿರೋ ಫೋಟೊ ಒಂದು ತಪ್ಪದೆ ಕಳಿಸಿ ಅಂದಿದ್ದಾರೆ. ಅದಿಲ್ದಿದ್ರೆ ಮದುವೆಗೆ ಹೋಗಿ ಹುಡುಗಿ ಮುಖ ನೋಡದೆ ಬಂದ ಹಾಗಲ್ವಾ. ಮದುವೆ ಅಂದ್ನಾ? ನೋಡಿ, ಬಾಯಿ ಜಾರಿತು. ಬರೋ ವಸಂತದಲ್ಲಿ ಅಂತೆ?”

“ಯಾರದು?”

“ನಾಚ್ಕೋಬೇಡಿ. ನಿಮ್ಮಿಬ್ಬರದು ಅಂತ ಅವರೇ ಹೇಳಿದ್ರು.”

ಸೋರಾ ಅಲ್ಲಿಂದ ಸರಿದು ಓಣಿಯ ತಿರುವಿಗೆ ಬಂದಳು. ಅಲ್ಲಿ ಪೊಲೀಸ್ ಜೀಪು ನಿಂತಿತ್ತು, ಅದಕ್ಕೆ ಒರಗಿ ಇಬ್ಬರು ಪೇದೆಗಳಿದ್ದರು. ಹೇಳಿಬಿಡೋಣವೆಂದು ಅವಳು ಅತ್ತ ಓಡಿದಳು. ಹತ್ತಿರ ಹೋದಾಗ ಒಬ್ಬ ಪೇದೆ, “ಥ್ಯಾಂಕ್ಸ್ ಅಕ್ಕ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರ್ಲಿಲ್ಲ,” ಎಂದು ಲೋಟ ಎತ್ತಿ ತೋರಿಸಿದ. ದೃಶ್ಯಕ್ಕೆಂದು ದಿನಗೂಲಿಗೆ ಸಮವಸ್ತ್ರ ತೊಟ್ಟವರು. ಲೋಟಕ್ಕೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಅವಳದೇ ಮುಖ, ಕೆಂಪು ಕ್ಲಿಪ್ಪು ಸಮೇತ.

ಅವಳು ಕೋಟೆಗೋಡೆಗೆ ಮುಖಮಾಡಿ ನಿಂತು ನಿಜವಾದ ಠಾಣೆಗೆ ಫೋನ್ ಮಾಡಿದಳು. ಅತ್ತ ಕಡೆಯ ದನಿ ಸೌಜನ್ಯದಿಂದಲೇ ಇತ್ತು.

“ಆ ವ್ಯಕ್ತಿ ಈಗ ಅಲ್ಲಿದಾರಾ?”

“ಇಲ್ಲ. ಕಾಫಿ ಗಾಡಿ ಕಳಿಸಿದಾನೆ. ನನ್ನ ಹೊಸ ಮನೆ ಫೋಟೊ ಹಾಕಿದಾನೆ.”

“ಮನೆ ಫೋಟೊನಾ, ನಿಮ್ಮ ಫೋಟೊನಾ?”

“ಮನೇಲಿರೋ ನನ್ನ ಫೋಟೊ.”

“ಹಂ. ಗಾಡಿ ಬೇಡ ಅಂತ ವಾಪಸ್ ಕಳಿಸಿದ್ರಾ?”

“ಎಲ್ರೂ ಕುಡೀತಿದಾರೆ.”

“ನೀವು?”

“ನಾನು ಮುಟ್ಟಿಲ್ಲ.”

“ಒಳ್ಳೇದು. ಮುಟ್ಟಬೇಡಿ. ಬೇಡ ಅನ್ನೋದು ಸ್ಪಷ್ಟವಾಗಿ ಕಾಣೋ ಹಾಗಿರ್ಲಿ. ಸಂಜೆ ಬಂದು ಬರೆದುಕೊಡಿ. ಬ್ಯಾನರ್‌ನ ಒಂದು ಫೋಟೊ ತೆಗೆದಿಟ್ಕೊಳ್ಳಿ.”

ಹೋದ ವರ್ಷಕ್ಕಿಂತ ಇದು ಎಷ್ಟೋ ವಾಸಿ. ಅವಳು ಬ್ಯಾನರಿನ ಫೋಟೊ ತೆಗೆದಳು. ತೆಗೆಯುತ್ತಿದ್ದುದನ್ನು ಕಂಡ ನಾಮ್‌ಗುಂಗ್ ಹಿಂದಿನಿಂದ ಬಂದು ಹೆಗಲಿಗೆ ಕೈಹಾಕಿದಳು. ಆ ಹೆಂಗಸಿಗೆ ಯಾರೂ ಮೇಡಂ ಎನ್ನಬಾರದು, ಅಕ್ಕ ಎನ್ನಬೇಕು. ಅಕ್ಕ ಎನಿಸಿಕೊಂಡರೆ ಹೊತ್ತುಮೀರಿ ದುಡಿಸಲು ಸುಲಭ.

“ಖುಷಿ ಆಯ್ತಾ? ಬಾ, ಬೆಳಕು ಚೆನ್ನಾಗಿರುವಾಗ್ಲೇ ಗಾಡಿ ಮುಂದೆ ನಿಂತ್ಕೊ. ಸಂಜೆ ಸುದ್ದಿಯವರಿಗೆ ಕೊಡಬೇಕು. ‘ಪರದೆ ಮೇಲೆ ಕಣ್ಣೀರು, ಪರದೆ ಹಿಂದೆ ನಗು’ ಅಂತ ಶೀರ್ಷಿಕೆನೂ ಬರೆದಿಟ್ಟಿದೀವಿ.”

“ಅಕ್ಕ, ಈ ಗಾಡಿ ಕಳಿಸಿದವನು ನನ್ನ ಬೆನ್ನು ಬಿದ್ದಿರೋನು.”

ನಾಮ್‌ಗುಂಗ್ ನಕ್ಕಳು. ಆಮೇಲೆ ಸೋರಾಳ ಮುಖ ನೋಡಿ ನಗು ನಿಲ್ಲಿಸಿದಳು. ಸೋರಾ ಎಲ್ಲವನ್ನೂ ಹೇಳಿದಳು: ಔಷಧಿ ಅಂಗಡಿ, ನಾಟಕದ ಮೊದಲ ಸಾಲಿನಲ್ಲಿ ಅವನು ಪ್ರತಿ ಸಲವೂ ಕೂರುತ್ತಿದ್ದ ಅದೇ ಕುರ್ಚಿ, ಬಾಗಿಲಿಗೆ ನೇತುಹಾಕುತ್ತಿದ್ದ ವಿಟಮಿನ್ ಮಾತ್ರೆಗಳ ಚೀಲ, ದೂರು, ಫೋಟೊ, ಹೊಸ ಮನೆ, ಕೆಂಪು ಕ್ಲಿಪ್ಪು. ಹೇಳುತ್ತ ಹೋದಂತೆ ನಿರ್ಮಾಪಕಿಯ ಕಣ್ಣು ನಿಜವಾಗಿಯೂ ತುಂಬಿಬಂತು. ಅದರಲ್ಲಿ ಸುಳ್ಳಿರಲಿಲ್ಲ.

“ಯಾಕೆ ಮೊದ್ಲೇ ಹೇಳ್ಲಿಲ್ಲ?”

“ಈಗ ಹೇಳ್ತಿದೀನಲ್ಲ.”

“ನಂಗೂ ಆಗಿತ್ತು ಕಣೇ, ಹಿಂದೆ, ಈ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ. ಯಾರಿಗಾಗಿಲ್ಲ ಹೇಳು.” ನಾಮ್‌ಗುಂಗ್ ಅವಳ ಎರಡೂ ಕೈ ಹಿಡಿದುಕೊಂಡಳು. “ಅದಕ್ಕೇ ಈ ಕಂತು ಮಾಡ್ತಿರೋದು. ನಿನ್ನಂಥವರಿಗೋಸ್ಕರ. ಅದಕ್ಕೇ ಇದು ನಾಳೆ ಪ್ರಸಾರ ಆಗ್ಲೇಬೇಕು. ಅದಕ್ಕೇ ಈಗ ಗಲಾಟೆ ಬೇಡ. ಒಂದು ಫೋಟೊ ತೆಗೆಸ್ಕೊ. ಅವನಿಗೆ ಸಿಕ್ಕಿದ್ರೆ ಸುಮ್ನಾಗ್ತಾನೆ. ಸಿಗದಿದ್ರೆ ಇಲ್ಲಿಗೇ ಬಂದ್ರೆ? ಇಷ್ಟು ಜನ ಇದೀವಿ, ಕೆಲಸ ನಿಂತ್ರೆ?”

ಸೋರಾ ತನ್ನ ಕೈ ಬಿಡಿಸಿಕೊಂಡಳು. “ಹೋದ ಸಲ ಇದೇ ಫೋಟೊನೇ ಅಕ್ಕ ನನ್ನನ್ನ ಮುಳುಗಿಸಿದ್ದು. ನಾನು ಬೇಡ ಅಂದೆ ಅನ್ನೋಕೆ ಸಾಕ್ಷಿ ಇರ್ಲಿಲ್ಲ, ಬೇಕು ಅಂದೆ ಅನ್ನೋಕಿತ್ತು. ಇನ್ನೊಂದ್ಸಲ ಲೋಟ ಹಿಡಿದ್ರೆ ಮುಗೀತು. ನನ್ನ ಮಾತು ಇನ್ನು ಯಾರೂ ನಂಬಲ್ಲ.”

“ನಾವು ನಂಬ್ತೀವಿ.”

“ಹಾಗಾದ್ರೆ ಬ್ಯಾನರ್ ಇಳಿಸಿ.”

ನಿರ್ಮಾಪಕಿ ತಿರುಗಿ ನೋಡಿದಳು. ಬ್ಯಾನರಿನ ಕೆಳಗೆ ಇಡೀ ತಂಡ ಕುಡಿಯುತ್ತಿತ್ತು. ಕೆಲವರು ಎರಡನೇ ಲೋಟಕ್ಕೆ ನಿಂತಿದ್ದರು. ಗಾಡಿಯ ಚಿತ್ರವನ್ನು ಮೇಕಪ್ಪಿನ ಹುಡುಗಿ ಆಗಲೇ ಇಂಟರ್ನೆಟ್ಟಿಗೆ ಹಾಕಿ ಊರಿಗೆಲ್ಲ ತೋರಿಸಿಯಾಗಿತ್ತು. ಒಬ್ಬ ಮನುಷ್ಯನ ಉಪ್ಪು ತಿಂದ ಮೇಲೆ ಅವನನ್ನು ಕೆಟ್ಟವನೆಂದು ನಂಬುವುದು ಕಷ್ಟ. ಬಿಸಿ ರೊಟ್ಟಿ ತಿಂದ ಮೇಲಂತೂ ಇನ್ನೂ ಕಷ್ಟ.

ವಿಷಯ ಪ್ಯೋಗೆ ಮುಟ್ಟಿತು, ಪ್ಯೋನಿಂದ ಎಲ್ಲರಿಗೂ. ಅವನು ಮೊದಲು ಆಡಿದ ಮಾತು: “ಅಯ್ಯೋ, ಗೊತ್ತಿದ್ರೆ ಬೆಳಿಗ್ಗೆ ನಡೆಯೋ ದೃಶ್ಯ ಇನ್ನೊಂಥರ ತೆಗೀಬಹುದಿತ್ತು.” ಆಮೇಲೆ ಬಾಯಿ ಒರೆಸಿಕೊಂಡು ಹೇಳಿದ: “ನೋಡಮ್ಮ, ನಾನು ನಿನ್ನ ಕಡೆ. ಆದ್ರೆ ಅವನೇ ಅಂತ ಏನು ಗ್ಯಾರಂಟಿ? ಇಂಥ ಪಾತ್ರ ಮಾಡೋವಾಗ ತಲೇಲಿ ಅದೇ ತುಂಬ್ಕೊಂಡಿರುತ್ತೆ. ಒಂದು ಬಟ್ಟೆಕ್ಲಿಪ್ಪು ಯಾರ ಮನೇಲಿರಲ್ಲ?”

“ಗಾಡಿ ಅಮ್ಮನ್ನ ಕೇಳಿ. ವಸಂತದಲ್ಲಿ ಮದುವೆ ಅಂದಿದಾನಂತೆ.”

ಗಾಡಿಯ ಹೆಂಗಸು ಕಿಟಕಿಯಿಂದ ಇಣುಕಿ, ಏನೋ ಕೆಟ್ಟಿದೆಯೆಂದು ಅರಿತು, ಒಲೆ ಸಣ್ಣ ಮಾಡಿದಳು.

ಸೋರಾ ಬೊಂಗ್ ಕಡೆ ನೋಡಿದಳು. ಪತ್ತೇದಾರನ ಉದ್ದ ಕೋಟು, ಸೊಂಟದಲ್ಲಿ ಕೈಕೋಳ, ಕೈಯಲ್ಲಿ ಕಾಫಿ. ಇಡೀ ಓಣಿಯಲ್ಲಿ ಅವನ ಮಾತಿಗೆ ಎದುರಾಡುವವರಿರಲಿಲ್ಲ. ನಿರ್ದೇಶಕನೂ ಅವನೆದುರು ಸಿಗರೇಟು ಆರಿಸುತ್ತಿದ್ದ.

“ಬೊಂಗ್ ಸರ್, ನೀವಾದ್ರೂ ಹೇಳಿ. ಬೆಳಿಗ್ಗೆ ಬೆನ್ನ ಹಿಂದೆ ಇರ್ತೀವಿ ಅಂದ್ರಲ್ಲ.”

ಬೊಂಗ್ ಲೋಟದೊಳಗೆ ನೋಡಿದ. ಮುಗಿದಿತ್ತು. ಅದನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ತಿರುಗಿಸಿದ.

“ಅದು ಬರ್ಕೊಟ್ಟಿದ್ದ ಮಾತು ಕಣಮ್ಮ,” ಎಂದ, ತುಂಬ ಮೆಲ್ಲಗೆ. “ನಂಗೆ ಇದಕ್ಕೆ ಏನೂ ಬರ್ಕೊಟ್ಟಿಲ್ಲ.”

ಯಾರೋ ನಕ್ಕರು. ನಕ್ಕವರಿಗೇ ನಾಚಿಕೆಯಾಗಿ ಕೆಮ್ಮಿದರು.

ಆಗ ನಾಮ್‌ಗುಂಗ್ ಫೋನ್ ಸದ್ದು ಮಾಡಿತು. ನೋಡಿದಳು. “ಬರಹಗಾರ್ತಿ. ಕೊನೇ ಹಾಳೆ ಬರೆಯೋಕೆ ಕೂತಿದಾರೆ. ನಿನ್ನ ಪಾತ್ರ ಉಳಿಸ್ಲಾ ಬೇಡ್ವಾ ಅಂತ ನನ್ನನ್ನ ಕೇಳ್ತಿದಾರೆ.” ಅವಳು ಫೋನನ್ನು ಎದೆಗೊತ್ತಿಕೊಂಡಳು. ದನಿಯಲ್ಲಿ ಬೆದರಿಕೆ ಇರಲಿಲ್ಲ, ಬೇಸರವಿತ್ತು. ಬೆದರಿಕೆಗಿಂತ ಅದೇ ಹೆಚ್ಚು ಚುಚ್ಚುವಂಥದ್ದು. “ಸೋರಾ, ನಾನು ಏನಂತ ಹೇಳ್ಲಿ? ಮೇಲಿನವರು ಕೇಳೋದು ಒಂದೇ, ಆ ಹುಡುಗಿ ಜೊತೆ ಕೆಲಸ ಸಲೀಸಾ ಅಂತ. ಸಲೀಸು ಅನ್ನೋಕೆ ನಂಗೂ ಒಂದು ಕಾರಣ ಕೊಡು.”

ನಾಮ್‌ಗುಂಗ್ ಗಾಡಿಯ ಕಿಟಕಿಯಿಂದ ಒಂದು ಲೋಟ ತೆಗೆದುಕೊಂಡು ಬಂದಳು. ಓಟ್ಸ್ ಹಾಲಿನ ಕಾಫಿ, ಹಬೆಯಾಡುತ್ತಿತ್ತು. ಪಟ್ಟಿಯ ಮೇಲಿನ ಸೋರಾ ಯಾವುದೋ ಬೆಕ್ಕನ್ನು ನೋಡಿ ಅರ್ಧ ನಗುತ್ತಿದ್ದಳು. ಫೋಟೊ ತೆಗೆಯುವವನು ಬ್ಯಾನರ್ ಪೂರ್ತಿ ಬರುವಂತೆ ಹಿಂದೆ ಹಿಂದೆ ಸರಿದು, ಬೆನ್ನು ತಾಗಿ ಆ ದೀಪದ ಕಂಬಕ್ಕೇ ಒರಗಿ ನಿಂತ. ತಗಲಿದ ರಭಸಕ್ಕೆ ಫಲಕದ ಕಪ್ಪು ಬಟ್ಟೆ ಜಾರಿ ಬಿತ್ತು. ಅದನ್ನು ಮತ್ತೆ ಕಟ್ಟಲು ಯಾರೂ ಹೋಗಲಿಲ್ಲ.

“ನಗೋದು ಬೇಡ,” ಪ್ಯೋ ರಾಜಿಗೆ ಬಂದ. “ಸುಮ್ನೆ ಹಿಡ್ಕೊ. ಕುಡೀಲೂಬೇಡ. ಆ ಕಡೆ ನೋಡ್ಕೊಂಡು ನಿಂತ್ರೂ ಆಯ್ತು. ಒಂದು ಕ್ಷಣದ ಕೆಲಸ.”

“ತಗೋ,” ಎಂದಳು ನಾಮ್‌ಗುಂಗ್. “ಅಕ್ಕನ ಮಾತು ಕೇಳು.”

ಸೋರಾ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು. ಜೇಬಿನಲ್ಲಿ ಬೀಗದ ಕೈಯಿತ್ತು. ಅದನ್ನು ಬೆರಳ ಸಂದಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಹಿಡಿಯಲ್ಲ.”

“ಹಾಗಾದ್ರೆ ಕಥೇಲಿ ನೀನು ಸಾಯ್ತೀಯ ಸೋರಾ. ಅದು ನನ್ನ ಕೈಲಿಲ್ಲ.”

“ಕಥೇಲಿ ಸಾಯ್ಸಿ,” ಎಂದಳು ಅವಳು. “ಲೋಟ ಹಿಡಿಯಲ್ಲ.”